ಅಪ್ಪನಿಗೆ ಓದಿ ಹೇಳು

ಮ್ಯಾಡಿಸನ್, ವಿಸ್ಕಾನ್ಸಿನ್
ಭಾನುವಾರ ರಾತ್ರಿ

ಅಕ್ಕಾ,

ನಾನು ಚೆನ್ನಾಗಿದ್ದೇನೆ. ಅಮ್ಮನಿಗೆ, ಭಾವನಿಗೆ ನಮಸ್ಕಾರ. ಮಕ್ಕಳಿಗೆ ಮುತ್ತು.

ನಿನ್ನ ಮೆಸೇಜ್ ಓದಿ ತಲೆ ಕೆಟ್ಟಿತು. ಅಪ್ಪನ ಕಾಲಿನ ಗಾಯ ಇನ್ನೂ ವಾಸಿಯಾಗಿಲ್ಲ. ಮೈಸೂರಿಗೆ ಹೋಗೋಣ ಅಂದರೆ, "ಹುಡುಗ ಅಲ್ಲಿ ಸಾಲ ಮಾಡಿ ಹಸು ತಗೊಂಡವ್ನೆ, ಅವನನ್ನ ಕೇಳಬೇಡಿ" ಅಂತಾರಂತೆ. ಈ ಸಾಲದ ಕಥೆ ಕಟ್ಟಿದ್ದು ಸೋಮಣ್ಣನೇ ಇರಬೇಕು. ಮಾಂಸ ತುಂಬಿದ ಫ್ರೀಜರ್ ಫೋಟೋ ನಾನು ಕಳಿಸಿದ್ದು ಮನೆಯವರು ನೋಡಲಿ ಅಂತ, ಕೊಳ್ಳೇಗಾಲಕ್ಕೆಲ್ಲ ಅಲ್ಲ.

ಮೊದಲು ಲೆಕ್ಕ ಮುಗಿಸೋಣ. ಸಾಲ ಇಲ್ಲ. ಹಸುವೂ ಅಲ್ಲ, ಹೋರಿ. ಅದೂ ಕಾಲು ಭಾಗ ಮಾತ್ರ, ಅದರಲ್ಲಿ ಅರ್ಧ ನನ್ನ ನೈಜೀರಿಯಾದ ಸ್ನೇಹಿತನದು. ಕೊಯ್ದು ನೇತುಹಾಕಿದಾಗ ನಮ್ಮ ಭಾಗ 72 ಕಿಲೋ ತೂಗಿತು. ಬೇಡದ ಮೂಳೆ, ಕೊಬ್ಬು ಕಳೆದು ಕೈಗೆ ಬಂದದ್ದು 45 ಕಿಲೋ. ರೈತನಿಗೆ, ಕಟುಕನಿಗೆ ಎಲ್ಲ ಸೇರಿ 880 ಡಾಲರ್, ನನ್ನ ಪಾಲಿಗೆ 440. ಅಂಗಡಿಯಲ್ಲಿ ಇಂಥ ಹುಲ್ಲು ಮೇಯ್ದ ದನದ ಕೈಮಾ ಹೆಚ್ಚುಕಡಿಮೆ ಇದೇ ರೇಟು, ಒಳ್ಳೆ ತುಂಡಿಗಂತೂ ಡಬಲ್. ಫ್ರೀಜರ್ ಸೆಕೆಂಡ್ ಹ್ಯಾಂಡ್. ಡಾಲರನ್ನು ರೂಪಾಯಿಗೆ ಗುಣಿಸಿ ಗಾಬರಿಯಾಗಬೇಡಿ, ನನ್ನ ಸಂಬಳವೂ ಡಾಲರಲ್ಲೇ ಬರೋದು.

ಅಪ್ಪ ಕೇಳಿದರಂತಲ್ಲ, ಅಂಗಡಿ ಬಿಟ್ಟು ಹಳ್ಳಿಗೆ ಯಾಕೆ ಹೋದ ಅಂತ. ಇಲ್ಲಿ ಬೇಸಿಗೆಯ ಶನಿವಾರಗಳಲ್ಲಿ ವಿಧಾನಸೌಧದಂಥ ಕಟ್ಟಡದ ಸುತ್ತ ಸಂತೆ ಕೂಡುತ್ತದೆ. 1972ರಿಂದ ನಡೀತಿದೆ. ಬೆಳೆದವರೇ ಬಂದು ಮಾರಬೇಕು, ದಲ್ಲಾಳಿಗಳಿಗೆ ಜಾಗ ಇಲ್ಲ. ಅಲ್ಲೇ ಈ ರೈತನ ಪರಿಚಯ ಆದದ್ದು. ಅವನ ಹೊಲ ವಿರೋಕ್ವಾ ಅನ್ನೋ ಊರಿನ ಹತ್ತಿರ, ಎರಡು ಗಂಟೆ ದಾರಿ. ಬರೀ ಗುಡ್ಡ, ಕಣಿವೆ. ಹಿಂದೆ ಈ ಸೀಮೆಯನ್ನೆಲ್ಲ ಹಿಮಗಡ್ಡೆ ಉಜ್ಜಿ ಸಮ ಮಾಡಿತಂತೆ, ಆ ಭಾಗವೊಂದು ಉಳಿದುಕೊಂಡಿತು. ಇಳಿಜಾರಲ್ಲಿ ಉಳೋದಕ್ಕಿಂತ ಮೇಯಿಸೋದೇ ವಾಸಿ. ಅವನು ದಿನಾ ಕರೆಂಟ್ ಬೇಲಿಯ ತಂತಿ ಕಿತ್ತು ಹುಲ್ಲುಗಾವಲಿನ ಮುಂದಿನ ತುಂಡಿಗೆ ನೆಡುತ್ತಾನೆ. ಅವನು ಬರೋದು ಕಂಡರೆ ಸಾಕು, ಕರೀ ದನಗಳು ತಂತಿ ತಾಗದ ಹಾಗೆ ಈಚೆ ಸಾಲಾಗಿ ನಿಲ್ಲುತ್ತವೆ. ಚಳಿಗಾಲದಲ್ಲಿ ಒಣಹುಲ್ಲು.

ಈ ದೇಶದ ಹೆಚ್ಚಿನ ದನಗಳನ್ನು ಕೊನೆಯ ತಿಂಗಳುಗಳಲ್ಲಿ ದೊಡ್ಡಿಯಲ್ಲಿ ಕೂಡಿ ಮುಸುಕಿನ ಜೋಳ ತಿನ್ನಿಸಿ ಕೊಬ್ಬಿಸುತ್ತಾರೆ, ಒಂದೂವರೆ ವರ್ಷಕ್ಕೆಲ್ಲ ಕಡಿಯೋಕೆ ಬರುತ್ತೆ. ಬರೀ ಹುಲ್ಲಿನದಕ್ಕೆ ಎರಡು ವರ್ಷದ ಮೇಲೆ ಬೇಕು. ಅಂಗಡಿ ಚೀಟಿ ಮೇಲೆ 'ಹುಲ್ಲು ಮೇಯ್ದದ್ದು' ಅಂತ ಇರುತ್ತೆ, ಆದರೆ ಅದಕ್ಕಿದ್ದ ಅಳತೆಗೋಲನ್ನು ಕೃಷಿ ಇಲಾಖೆಯೇ 2016ರಲ್ಲಿ ವಾಪಸ್ ತಗೊಂಡಿತು. ಹಾಗಾಗಿ ಕಣ್ಣಲ್ಲಿ ನೋಡಿ ತರೋದೇ ಸರಿ, ಅಲ್ವಾ?

ಇಲ್ಲಿ ಇನ್ನೊಂದು ತಮಾಷೆ. ಮಾರೋ ಮಾಂಸಕ್ಕೆ ಸರ್ಕಾರಿ ತಪಾಸಣೆ ಆಗಲೇಬೇಕು, ಆದರೆ ನಿಮ್ಮದೇ ದನವನ್ನು ನಿಮ್ಮ ಮನೆಗೆ ಕೊಯ್ಸಿಕೊಂಡರೆ ವಿನಾಯಿತಿ ಇದೆ. ಅದಕ್ಕೇ ಜೀವ ಇರುವಾಗಲೇ ಪಾಲು ಕೊಳ್ಳಬೇಕು. ಬಿಳಿ ಕಾಗದದ ಪೊಟ್ಟಣಗಳ ಮೇಲೆಲ್ಲ 'ಮಾರಾಟಕ್ಕಿಲ್ಲ' ಅಂತ ಠಸ್ಸೆ! ಕಟುಕ ಫೋನ್ ಮಾಡಿ ಸ್ಟೇಕ್ ಎಷ್ಟು ದಪ್ಪ ಬೇಕು ಅಂದ. ದಪ್ಪ ಬೇಡ, ಎಲುಬು ಸಮೇತ ಸಣ್ಣಗೆ ಕೊಚ್ಚಪ್ಪಾ, ಸಾರಿಗೆ ಅಂದೆ. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ಎರಡು ಸಲ ಕೇಳಿ ಬರೆದುಕೊಂಡ. ಬೇರೆ ಪಾಲುದಾರರು ನಾಲಿಗೆ, ಬಾಲ, ಈಲಿ ಯಾವುದೂ ಬೇಡ ಅಂದರು. ನಾನೂ ಆ ನೈಜೀರಿಯಾದ ಸ್ನೇಹಿತನೂ ಬಾಲಕ್ಕಾಗಿ ಜಗಳ ಆಡಿ, ನನಗೆ ಈಲಿ ಬಂತು.

ಅಮ್ಮನಿಗೆ ಹೇಳು, ಕೊಬ್ಬು ಹಳದಿ ಇದೆ, ಕೆಟ್ಟದ್ದಲ್ಲ, ಹಸಿರು ಮೇವಿಂದ ಬರೋ ಬಣ್ಣ. ಸ್ವಲ್ಪ ಗಟ್ಟಿ, ಸೀಟಿ ಜಾಸ್ತಿ ಬೇಕು. ಹುರಿದ ಕೊತ್ತಂಬರಿ, ಕೊಬ್ಬರಿ, ಮೆಣಸು, ಮುದ್ದೆ. ಇನ್ನೇನು ಬೇಕು.

ಯಾರೂ ಏನೂ ಅನ್ನಲ್ವಾ ಅಂತ ಅಪ್ಪನ ಪ್ರಶ್ನೆ. ಇಲ್ಲ. ಪೆಟ್ಟಿಗೆ ಎತ್ತೋಕೆ ಪಕ್ಕದ ಮನೆಯಾತನೇ ಬಂದ. ಕರೀ ಕವರ್ ಬೇಕಾಗಲಿಲ್ಲ. ಅಲ್ಲಿ ಕರ್ನಾಟಕದಲ್ಲಿ 2021ರಲ್ಲಿ ಗೋಹತ್ಯೆ ತಡೆ ಕಾಯ್ದೆ ಜಾರಿಯಾದ ಮೇಲೆ ದನ ಕಡಿಯೋ ಹಾಗಿಲ್ಲ, 13 ವರ್ಷ ದಾಟಿದ ಎಮ್ಮೆ, ಕೋಣಕ್ಕೆ ಮಾತ್ರ ಅವಕಾಶ, ಅದನ್ನು ತಿನ್ನೋಕೆ ಅಪ್ಪನಿಗೆ ಹಲ್ಲೆಲ್ಲಿದೆ.

ಈಗ ಕಾಲಿನ ವಿಷಯ. ಅಪ್ಪ "ನೋವೇ ಇಲ್ಲ" ಅಂತಾರೆ ಅಂದೆಯಲ್ಲ, ನನಗೆ ಭಯ ಆಗಿದ್ದೇ ಅದಕ್ಕೆ. ಸಕ್ಕರೆ ಕಾಯಿಲೆಯಲ್ಲಿ ನರ ಸತ್ತು ಗಾಯ ಗೊತ್ತೇ ಆಗಲ್ಲ. ಬೆರಳ ಸಂದಿಯಲ್ಲಿ ಕಪ್ಪಗಾಗಿದೆಯಾ, ವಾಸನೆ ಇದೆಯಾ, ನೀನೇ ಬಗ್ಗಿ ನೋಡು, ಅವರ ಮಾತು ನಂಬಬೇಡ. ಬರಿಗಾಲಲ್ಲಿ ಗದ್ದೆಗೆ ಬೇಡ. ಅರಿಶಿನ, ಸುಣ್ಣ ಹಚ್ಚೋದು ಬೇಡ. ಊರಿನ ಕ್ಲಿನಿಕ್ಕಿನ ಆ ಮುಲಾಮು ಸಾಕಾಯಿತು. ಈ ವಾರವೇ ಮೈಸೂರಿಗೆ ಕರೆದುಕೊಂಡು ಹೋಗು, ಭಾವನ ಕಾರಲ್ಲೇ. ಬಸ್ಸು ಬೇಡ.

ದುಡ್ಡು ಇದೆ ಅಕ್ಕಾ. ನಿಜವಾಗಲೂ ಇದೆ. ಕೆಲಸ ಗಟ್ಟಿ, ಬಾಡಿಗೆ ಕಟ್ಟಿದ್ದೇನೆ, ಆರೋಗ್ಯ ಚೆನ್ನಾಗಿದೆ, ಚಳಿಗೆ ಕೋಟು ಇದೆ. ಇಲ್ಲೇನೂ ತೊಂದರೆ ಇಲ್ಲ, ಒಂದು ಚೂರೂ ಇಲ್ಲ. ನಾಳೆ ನಿನ್ನ ಅಕೌಂಟಿಗೆ ಹಾಕುತ್ತೇನೆ, ಅಪ್ಪನಿಗೆ ಎಷ್ಟು ಅಂತ ಹೇಳಬೇಡ. ಡಾಕ್ಟರ್ ಏನಂದರು ಅಂತ ಅವತ್ತೇ ಫೋನ್ ಮಾಡು, ಇಲ್ಲಿ ಎಷ್ಟೊತ್ತಾಗಿದ್ದರೂ ಸರಿ. ಬೆಳಗ್ಗೆ ಬೇಗ ಡ್ಯೂಟಿ, ನಿದ್ದೆ ಬರ್ತಿದೆ, ಇಡ್ತೀನಿ.

ನಿನ್ನ ತಮ್ಮ,
ಮಾದೇವ