ಒಂದೇ ಮೊದಲಕ್ಷರದ ಪದಬಂಧಕ್ಕೆ ಒಂದು ನಿಯಮ ಬೇಕು

ಮಾನ್ಯ ಸಂಪಾದಕರೇ,

ಪತ್ರಿಕೆಗಳ ಭಾನುವಾರದ ಪುರವಣಿ ಮತ್ತು ಮಕ್ಕಳ ಪುಟಗಳಲ್ಲಿ ಒಂದೇ ಅಕ್ಷರಗಳಿಂದ ಶುರುವಾಗುವ ಪದಗಳ ಪದಬಂಧ ಬರುತ್ತದೆ. ಮೊದಲ ಎರಡು ಅಕ್ಷರ ತುಂಬಿಕೊಟ್ಟಿರುತ್ತಾರೆ. ಸಾಲಿಗೊಂದು ಸುಳಿವು, ಉಳಿದ ಮನೆಗಳು ಖಾಲಿ. ಹೆಚ್ಚು ಜಾಗ ಬೇಡದ, ಮಕ್ಕಳ ಪದಸಂಪತ್ತು ಬೆಳೆಸುವ ಒಳ್ಳೆಯ ಆಟ ಇದು. ಆದರೆ ‘ಮೊದಲ ಎರಡಕ್ಷರ’ ಅಂದರೆ ಏನು ಎಂದು ಗಟ್ಟಿ ಮಾಡಿಕೊಳ್ಳದೆ ಪದ ಆರಿಸುವುದರಿಂದ ಆಟ ಕೆಡುತ್ತಿದೆ. ‘ಅವ’ ಎಂಬ ತಲೆಯ ಕೆಳಗೆ ಅವರೆ, ಅವಸರ, ಅವಘಡದ ಜೊತೆಗೆ ಅವ್ವ, ಅವಿವೇಕ, ಅವ್ಯವಸ್ಥೆಯೂ ಬಂದು ಕೂತರೆ ಬಿಡಿಸುವ ಮಗು ಮೂರನೆಯ ಮನೆಯಲ್ಲಿ ಏನು ಬರೆಯಬೇಕು?

ಕನ್ನಡದಲ್ಲಿ ಒಂದು ಮನೆಗೆ ಒಂದು ಅಕ್ಷರ. ಅದರ ಗುಣಿತ, ಒತ್ತು, ಸೊನ್ನೆ ಎಲ್ಲವೂ ಅದೇ ಮನೆಯೊಳಗೆ. ಅವ್ವ ಎಂದರೆ ಅ, ವ್ವ ಎಂಬ ಎರಡೇ ಮನೆ. ಅಲ್ಲಿ ‘ವ’ ಎಂಬ ಮನೆಯೇ ಇಲ್ಲ. ಅವಿವೇಕದ ಎರಡನೆಯ ಮನೆ ‘ವಿ’. ನಮ್ಮ ಊರಿನ ಹೆಸರುಗಳಲ್ಲೇ ಇದನ್ನು ನೋಡಬಹುದು. ತುಮಕೂರು ಜಿಲ್ಲೆಯ ಹತ್ತು ತಾಲ್ಲೂಕುಗಳಲ್ಲಿ ತಕಾರದಿಂದ ಶುರುವಾಗುವವು ಮೂರು: ತುಮಕೂರು, ತುರುವೇಕೆರೆ, ತಿಪಟೂರು. ‘ತು’ ಎಂದು ಕೇಳಿದರೆ ತಿಪಟೂರು ಹೊರಗೆ. ಎರಡಕ್ಷರ ಒಂದೇ ಇರಬೇಕು ಎಂದರೆ ತುಮಕೂರು, ತುರುವೇಕೆರೆಗಳೂ ಬೇರೆಯಾಗುತ್ತವೆ. ಆದರೆ ಚಿಕ್ಕನಾಯಕನಹಳ್ಳಿ ಮತ್ತು ಪಕ್ಕದ ಜಿಲ್ಲೆಯ ಚಿಕ್ಕಬಳ್ಳಾಪುರ ಎರಡಕ್ಷರ ಸರಿಯಾಗಿ ಹೊಂದುತ್ತವೆ: ಚಿ, ಕ್ಕ. ಚಿಂತಾಮಣಿ ಇವುಗಳ ಸಾಲಿಗೆ ಒಂದಕ್ಷರದ ಮಟ್ಟಿಗೂ ಸೇರುವುದಿಲ್ಲ, ಏಕೆಂದರೆ ಅದರ ಮೊದಲ ಮನೆ ‘ಚಿಂ’, ‘ಚಿ’ ಅಲ್ಲ. ತೆಂಗು ಕೂಡ ಹಾಗೆಯೇ. ಅದು ‘ತೆಂ’ ಸಾಲಿನದು, ‘ತೆ’ ಸಾಲಿನದಲ್ಲ.

ಇದೇನೂ ಹೊಸ ಕಟ್ಟುಪಾಡಲ್ಲ. ನಮ್ಮ ಛಂದಸ್ಸಿನವರು ಸಾಲಿನ ಎರಡನೆಯ ಅಕ್ಷರಕ್ಕೆ ಪ್ರಾಸ ಇಡುವಾಗಲೇ ಸೊನ್ನೆಯದನ್ನು ವೃಷಭಪ್ರಾಸ, ಬೇರೆ ಬೇರೆ ವ್ಯಂಜನ ಕೂಡಿದ ಒತ್ತನ್ನು ಶರಭಪ್ರಾಸ, ಅದದೇ ವ್ಯಂಜನದ ಒತ್ತನ್ನು ಹಯಪ್ರಾಸ ಎಂದು ಬಿಡಿಬಿಡಿಯಾಗಿ ಇಟ್ಟರು. ಪ್ರಾಸದಲ್ಲಿ ಸ್ವರ ಬದಲಾದರೆ ನಡೆಯುತ್ತದೆ, ಪದಬಂಧದಲ್ಲಿ ಅದೂ ನಡೆಯದು. ವ್ಯತ್ಯಾಸ ಅಷ್ಟೇ.

ಈಗಿನ ತಪ್ಪುಗಳಿಗೆ ಮುಖ್ಯ ಕಾರಣ, ಪದಪಟ್ಟಿಯನ್ನು ಕಂಪ್ಯೂಟರಿನಲ್ಲಿ ಹುಡುಕಿ ತೆಗೆಯುವುದು. ಯೂನಿಕೋಡ್‌ನಲ್ಲಿ, ಅಂದರೆ ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ದಾಖಲಿಸುವ ಈಗಿನ ಪದ್ಧತಿಯಲ್ಲಿ, ಅವ್ವ ಎಂಬುದು ನಾಲ್ಕು ಸಂಕೇತ: ಅ, ವ, ವಿರಾಮಚಿಹ್ನೆ (ವ್ಯಂಜನವನ್ನು ಅರ್ಧಾಕ್ಷರ ಮಾಡುವ ಗುರುತು), ವ. ಮೊದಲೆರಡು ಸಂಕೇತ ‘ಅವ’ ಆದ್ದರಿಂದ ಯಂತ್ರ ಅದನ್ನು ಸರಿ ಎನ್ನುತ್ತದೆ. ‘ಕನ್ನಡ’ ನಮಗೆ ಮೂರು ಅಕ್ಷರ, ಯಂತ್ರಕ್ಕೆ ಐದು ಸಂಕೇತ. ಅರ್ಕಾವೊತ್ತಿನಲ್ಲಿ ಗೋಜಲು ಇನ್ನೂ ಹೆಚ್ಚು. ಕರ್ನಾಟಕ ಎಂಬುದು ಕ, ರ್ನಾ, ಟ, ಕ ಎಂದು ನಾಲ್ಕು ಮನೆ. ಯೂನಿಕೋಡ್‌ನಲ್ಲಿ ರಕಾರ ಮೊದಲು ಬರುವುದರಿಂದ ಅದು ‘ಕರ’ ಪಟ್ಟಿಗೆ ಬೀಳುತ್ತದೆ. ‘ನುಡಿ’ ತಂತ್ರಾಂಶದ ಹಳೆಯ ಆಸ್ಕಿ ಪದ್ಧತಿಯ ಅಕ್ಷರದಲ್ಲಿ ಅರ್ಕಾವೊತ್ತನ್ನು ಕಣ್ಣಿಗೆ ಕಾಣುವ ಕ್ರಮದಲ್ಲಿ ‘ನಾ’ ಆದ ಮೇಲೆ ಇಡುತ್ತಾರೆ, ಹಾಗಾಗಿ ಅದೇ ಪದ ‘ಕನಾ’ ಪಟ್ಟಿಗೆ ಹೋಗುತ್ತದೆ. ಎರಡೂ ತಪ್ಪು. ಇನ್ನೊಂದು ತೊಡಕು ಕಣ್ಣಿಗೆ ಬೀಳುವುದೇ ಇಲ್ಲ: ‘ಕೊ’ ಅನ್ನು ಒಂದೇ ಸ್ವರಚಿಹ್ನೆಯಾಗಿಯೂ ಎರಡು ತುಂಡಾಗಿಯೂ ದಾಖಲಿಸಬಹುದು. ಪರದೆಯ ಮೇಲೆ ಎರಡೂ ಒಂದೇ ತರಹ ಕಂಡರೂ ಹುಡುಕಾಟದಲ್ಲಿ ಕೊಬ್ಬರಿ ಸಿಕ್ಕಿ ಕೊರಟಗೆರೆ ತಪ್ಪಿಹೋಗಬಹುದು.

ಪರಿಹಾರ ಕಷ್ಟದ್ದಲ್ಲ. ತಂತ್ರಾಂಶ ಬರೆಯುವವರಿಗೆ ಹೇಳಬೇಕಾದ್ದು ಇಷ್ಟು: ಮೊದಲು ಎಲ್ಲ ಪದಗಳನ್ನೂ ಒಂದೇ ರೂಪಕ್ಕೆ ತನ್ನಿ. ಆಮೇಲೆ ವಿರಾಮಚಿಹ್ನೆ ಸಿಕ್ಕಾಗ ಮುಂದಿನ ವ್ಯಂಜನವನ್ನು ಅದೇ ಮನೆಗೆ ಸೇರಿಸಿ. ಸ್ವರಚಿಹ್ನೆ, ಸೊನ್ನೆ, ವಿಸರ್ಗ ಹಿಂದಿನ ಮನೆಗೇ ಸೇರಲಿ. ಪದದ ಕೊನೆಯ ಅರ್ಧಾಕ್ಷರಕ್ಕೆ ಮಾತ್ರ ಬೇರೆ ಮನೆ ಕೊಡಿ. ಕುಣಿಗಲ್ ಹೀಗೆ ನಾಲ್ಕು ಮನೆಯ ಪದ, ಕಡೆಯದು ‘ಲ್’. ಅಡ್ಡ ಉದ್ದ ಸಾಲುಗಳ ಮಾಮೂಲಿ ಪದಬಂಧದಲ್ಲಾದರೆ ಅಂಥ ಮನೆಯಿಂದ ಕೆಳಕ್ಕೆ ಇನ್ನೊಂದು ಪದ ಶುರು ಮಾಡಲು ಬಾರದು, ಕನ್ನಡದಲ್ಲಿ ‘ಲ್’ನಿಂದ ಶುರುವಾಗುವ ಪದವಿಲ್ಲ.

ಪದ ಆರಿಸುವಾಗ ತಲೆ ಒಂದಾಗಿದ್ದು ಹುಟ್ಟು ಬೇರೆಯಾಗಿರುವ ಪದಗಳಿದ್ದರೆ ರುಚಿ. ‘ಪರಿ’ ಎಂದು ಕೊಟ್ಟು ಪರಿಸರ, ಪರಿಹಾರ, ಪರಿಚಯ, ಪರಿಣಾಮ ಎಂದು ಬರೆಸಿದರೆ ಒಂದೇ ಉಪಸರ್ಗದ ಮೆರವಣಿಗೆಯಾಗುತ್ತದೆ. ‘ಕರ’ ಕೊಟ್ಟಾಗಲೂ ಕರವಸ್ತ್ರ, ಕರಪತ್ರ, ಕರತಾಡನ, ಕರಕುಶಲ ಎಲ್ಲವೂ ಕೈಯಿಂದ ಬಂದವು, ಅವುಗಳಲ್ಲಿ ಒಂದು ಸಾಕು. ಅದೇ ತಲೆಯಲ್ಲಿ ಕರಗ, ಕರಟ, ಕರಡಿ, ಕರಡು, ಗಾರೆಯವರ ಕರಣೆ ಇವೆ. ಒಂದಕ್ಕೊಂದು ಸಂಬಂಧವಿಲ್ಲ, ಎಲ್ಲವೂ ಮೂರೇ ಮನೆ. ‘ಹುರಿ’ಯಂತೂ ಇನ್ನೂ ಸೊಗಸು: ಹುರಿಗಡಲೆಯಲ್ಲಿ ಹುರಿಯುವುದು, ಹುರಿಮೀಸೆಯಲ್ಲಿ ಹೊಸೆಯುವುದು, ಹುರಿಯಾಳಿನಲ್ಲಿ ಪೈಪೋಟಿ. ಎರಡು ರೂಪ ಬಳಕೆಯಲ್ಲಿರುವ ಪದಗಳನ್ನು ಬಿಡುವುದೇ ಲೇಸು. ಕರಜಿಕಾಯಿ ಎಂದು ಬರೆದರೆ ‘ಕರ’ ಸಾಲಿಗೆ ಸೇರುತ್ತದೆ, ಕರ್ಜಿಕಾಯಿ ಎಂದರೆ ಸೇರುವುದಿಲ್ಲ. ಶಿರಾ, ಸಿರಾ ಎರಡೂ ಅಚ್ಚಿನಲ್ಲಿವೆ.

ಒಂದು ಪದಬಂಧಕ್ಕೆ ನಿಘಂಟಿನಿಂದ ಮೂವತ್ತು ನಲವತ್ತು ಪದ ಬರೆದುಕೊಂಡು ಹತ್ತು ಹನ್ನೆರಡಕ್ಕೆ ಇಳಿಸಬೇಕು. ಮೂರರಿಂದ ಐದು ಮನೆಯ ಪದಗಳೇ ಅನುಕೂಲ. ಆಮೇಲೆ ಒಂದೊಂದು ಸುಳಿವಿಗೂ ಅಷ್ಟೇ ಮನೆಯ ಬೇರೆ ಪದ ಹೊಂದುತ್ತದೆಯೇ ಎಂದು ನೋಡಲೇಬೇಕು. ಈ ಬಗೆಯ ಪದಬಂಧ ಬಹಳಷ್ಟು ಸಲ ಸೋಲುವುದು ಇಲ್ಲಿಯೇ. ಮಾಮೂಲಿ ಪದಬಂಧದಲ್ಲಿ ಅಡ್ಡಸಾಲು ತಪ್ಪಿದರೆ ಉದ್ದಸಾಲು ಹಿಡಿದುಕೊಡುತ್ತದೆ. ಇಲ್ಲಿ ಪ್ರತಿ ಸಾಲೂ ಒಂಟಿ, ಹಿಡಿದುಕೊಡುವವರಿಲ್ಲ. ‘ಅವ’ ತಲೆಗೆ ‘ತಿರಸ್ಕಾರ, ಐದು ಮನೆ’ ಎಂದು ಸುಳಿವು ಕೊಟ್ಟರೆ ಒಬ್ಬರು ಅವಹೇಳನ ಎನ್ನುತ್ತಾರೆ, ಇನ್ನೊಬ್ಬರು ಅವಗಣನೆ ಎನ್ನುತ್ತಾರೆ. ಇಬ್ಬರೂ ಸರಿ, ಮುಂದಿನ ವಾರದ ಉತ್ತರದಲ್ಲಿ ಒಬ್ಬರು ಮಾತ್ರ ಸರಿ ಎಂದು ಬರುತ್ತದೆ.

ಇದಕ್ಕೊಂದು ಉಪಾಯವಿದೆ, ನಿಮ್ಮ ಪುರವಣಿಯವರು ದಯವಿಟ್ಟು ಗಮನಿಸಬೇಕು. ಮೂರನೆಯ ಮನೆಗಳನ್ನು ಮೇಲಿನಿಂದ ಕೆಳಕ್ಕೆ ಓದಿದರೆ ಒಂದು ಪದ ಬರುವಂತೆ ಸಾಲುಗಳನ್ನು ಜೋಡಿಸಿ, ಆ ಕಾಲಂಗೂ ಒಂದು ಸುಳಿವು ಕೊಡಿ. ಮಾದರಿಗೆ ಮೂರು ಸಾಲು:

ಅ | ವ | ಸ | ರ
ಅ | ವ | ಲ | ಕ್ಕಿ
ಅ | ವ | ಗ | ಣ | ನೆ

ಮೊದಲ ಸಾಲಿಗೆ ‘ಗಡಿಬಿಡಿ’, ಎರಡನೆಯದಕ್ಕೆ ‘ಭತ್ತವನ್ನು ನೆನೆಸಿ, ಹುರಿದು, ಕುಟ್ಟಿ ಮಾಡಿದ್ದು’, ಮೂರನೆಯದಕ್ಕೆ ಮೇಲೆ ಹೇಳಿದ ‘ತಿರಸ್ಕಾರ’, ಮೂರನೆಯ ಕಾಲಂಗೆ ‘ಗಂಡಾನೆ’. ಉತ್ತರ ಸಲಗ. ಕೊನೆಯ ಸಾಲಿನ ಮೂರನೆಯ ಮನೆ ‘ಗ’ ಆಗಲೇಬೇಕಾದ್ದರಿಂದ ಅವಹೇಳನ ತಾನಾಗಿ ಬಿದ್ದುಹೋಗುತ್ತದೆ. ಸಾಲು ಹೆಚ್ಚಾದರೆ ಕೆಳಕ್ಕೆ ಓದುವ ಪದವೂ ಉದ್ದವಾಗಬೇಕು. ಅದು ಹೊಂದದಿದ್ದರೆ ಮೂರು ನಾಲ್ಕು ಸಾಲುಗಳ ಚಿಕ್ಕ ಚಿಕ್ಕ ಗುಂಪು ಮಾಡಬಹುದು.

ಮಕ್ಕಳ ಪುಟಕ್ಕಾದರೆ ಒಂದೇ ಅಕ್ಷರದ ತಲೆ ಇರಲಿ, ‘ಕ, ಕಾ, ಕಿ ಯಾವುದಾದರೂ ಆಗಬಹುದು’ ಅಥವಾ ‘ಕ ಮಾತ್ರ’ ಎಂದು ಮೇಲೆಯೇ ಅಚ್ಚು ಮಾಡಿ. ದೊಡ್ಡವರ ಪದಬಂಧದಲ್ಲಿ ಎರಡಕ್ಷರದ ತಲೆಯ ಜೊತೆಗೆ ‘ಒತ್ತು, ಗುಣಿತ, ಸೊನ್ನೆ ಸಹಿತ ಅಕ್ಷರಕ್ಕೆ ಒಂದು ಮನೆ’ ಎಂಬ ಒಂದು ಸಾಲು ಪ್ರತಿ ವಾರವೂ ಇರಲಿ. ಉತ್ತರ ಪ್ರಕಟಿಸುವಾಗ ಮನೆಗಳನ್ನು ಬಿಡಿಸಿ ತೋರಿಸಿದರೆ ಅರ್ಕಾವೊತ್ತು ಯಾವ ಮನೆಗೆ ಸೇರುತ್ತದೆ ಎಂಬುದು ಐದನೆಯ ತರಗತಿಯ ಮಗುವಿಗೂ ಕಣ್ಣಿಗೆ ಕಟ್ಟುತ್ತದೆ.

ಇತಿ,
ಪದಬಂಧ ರಚಿಸುವ ಓದುಗರು,
ತುಮಕೂರು