ತುಪ್ಪಕ್ಕಿಂತ ಮೊದಲು ಮೊಸರು

ಮಾನ್ಯ ಸಂಪಾದಕರೇ,

ಹಾಲಿಗೆ ದರ ಗಿಟ್ಟುತ್ತಿಲ್ಲ ಎಂದರೆ ಸಣ್ಣ ಹೈನುಗಾರರಿಗೆ ಸಿಗುವ ಸಲಹೆ ಒಂದೇ: ತುಪ್ಪ ಮಾಡಿ, ಪನೀರ್ ಮಾಡಿ. ಲೆಕ್ಕ ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ. ಶೇ 4ರಷ್ಟು ಜಿಡ್ಡಿರುವ ಹಸುವಿನ ಹಾಲಾದರೆ ಒಂದು ಕಿಲೋ ತುಪ್ಪಕ್ಕೆ 25ರಿಂದ 28 ಲೀಟರ್ ಬೇಕು. ಕೆನೆ ತೆಗೆದ ಹಾಲಿಗೆ ಗಿರಾಕಿ ಇಲ್ಲದಿದ್ದರೆ ಅಷ್ಟೂ ಹಾಲಿನ ಖರ್ಚನ್ನು ಆ ಒಂದು ಕಿಲೋವೇ ಹೊರಬೇಕು. ಕಿಲೋ ಪನೀರಿಗೆ ಹಸುವಿನ ಹಾಲು 6–7 ಲೀಟರ್, ಎಮ್ಮೆಯದಾದರೆ 5ರ ಆಸುಪಾಸು. ಮೊಸರಿನಲ್ಲಿ ಹಾಕಿದ ಹಾಲೆಲ್ಲ ಮಾಲೇ. ದಿನಕ್ಕೆ 10–20 ಲೀಟರ್ ಕರೆಯುವವರು ಅದರಿಂದಲೇ ಶುರು ಮಾಡುವುದು ಲೇಸು.

ಆದರೆ ಮಾರುವ ಮೊಸರು ದಿನವೂ ಒಂದೇ ರುಚಿ, ಒಂದೇ ಗಟ್ಟಿ ಇರಬೇಕು. ಒಂದು ಕುದಿ ಬಂದೊಡನೆ ಹಾಲನ್ನು ಇಳಿಸಿದರೆ ಸಾಲದು. ಕೈಯಾಡಿಸುತ್ತ 85–90 ಡಿಗ್ರಿಯಲ್ಲಿ 15–20 ನಿಮಿಷ ಇಟ್ಟರೆ, ಹಾಗೆ ಕಾಯಿಸದಿದ್ದಾಗ ನೀರಿನೊಂದಿಗೆ ಉಳಿದುಬಿಡುವ ಪ್ರೋಟೀನು ಹಾಲಿನ ಮುಖ್ಯ ಪ್ರೋಟೀನಾದ ಕೇಸೀನಿಗೆ ಅಂಟಿಕೊಂಡು ಮೊಸರು ಗಟ್ಟಿ ಕೂರುತ್ತದೆ. ನಂತರ 40–42 ಡಿಗ್ರಿಗೆ ಆರಿಸಿ, ಲೀಟರಿಗೆ 20 ಮಿ.ಲೀ. ಹೆಪ್ಪು ಬೆರೆಸಿ, ಮಾರುವ ಕಪ್ಪಿಗೇ ಸುರಿದು ಮುಚ್ಚಬೇಕು. ದೊಡ್ಡ ಪಾತ್ರೆಯಲ್ಲಿ ಹೆಪ್ಪಿಟ್ಟು ಸೌಟಿನಿಂದ ತುಂಬಿದರೆ ಗಡ್ಡೆ ಒಡೆದು ನೀರು ಬಿಡುತ್ತದೆ. 4–6 ಗಂಟೆಯಾದ ಮೇಲೆ ಕಪ್ಪನ್ನು ತುಸು ಓರೆ ಮಾಡಿ ನೋಡಿ. ಮೊಸರು ಹರಿಯದೆ ಇಡಿಯಾಗಿ ನಿಂತಿದ್ದರೆ ಅಲುಗಿಸದೆ ಫ್ರಿಜ್ಜಿಗೆ, 5 ಡಿಗ್ರಿಗೆ. ಇಲ್ಲಿ ಒಂದೆರಡು ತಾಸು ತಡವಾದರೂ ಹುಳಿ ಏರುತ್ತದೆ, ಆ ಗಿರಾಕಿ ಮತ್ತೆ ಬರುವುದಿಲ್ಲ.

ಎಲ್ಲ ಸರಿಯಿದ್ದೂ ಹೆಪ್ಪು ಕೂಡದಿದ್ದರೆ ಮೊದಲು ಕೊಟ್ಟಿಗೆ ನೋಡಿ. ಕೆಚ್ಚಲು ಬಾವಿಗೆ ಆ್ಯಂಟಿಬಯೋಟಿಕ್ ಕೊಟ್ಟ ಹಸುವಿನ ಹಾಲು ಸೇರಿದರೆ ಹೆಪ್ಪಿನ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ಕುದಿಸಿದರೂ ಆ ಔಷಧದ ಅಂಶ ಪೂರ್ತಿ ಹೋಗದು. ಪಶುವೈದ್ಯರು ಹೇಳಿದ ಅವಧಿ ಮುಗಿಯುವತನಕ ಆ ಹಾಲು ಕ್ಯಾನಿಗೆ ಬೀಳಲೇಬಾರದು. ಒಂದು ಹಸುವಿನ ಹಾಲೇ ಇಡೀ ದಿನದ ಮಾಲನ್ನು ಕೆಡಿಸಬಲ್ಲದು. ಇನ್ನೊಂದು ಕಾರಣ ಹಳೆ ಹೆಪ್ಪು. ನಿನ್ನೆಯ ಮೊಸರನ್ನೇ ತಿಂಗಳುಗಟ್ಟಲೆ ಹೆಪ್ಪಿಗೆ ಹಾಕುತ್ತ ಹೋದರೆ ಯೀಸ್ಟ್ ಸೇರಿಕೊಂಡು ಗುಳ್ಳೆ ಬರುತ್ತದೆ, ವಾಸನೆಯೂ ಕೆಡುತ್ತದೆ. ಆಗಾಗ ಹೊಸ ಹೆಪ್ಪು ತರಬೇಕು.

ಮಾರಾಟಕ್ಕೆ ಅಂಗಡಿಗಿಂತ ಹತ್ತಿರದ ಖಾಯಂ ಮನೆಗಳೇ ವಾಸಿ. ವಾರದ ಆರ್ಡರ್ ಮೊದಲೇ ಗೊತ್ತಿದ್ದರೆ ಅಷ್ಟಕ್ಕೇ ಹೆಪ್ಪಿಟ್ಟರಾಯಿತು. ಕಪ್ಪಿನ ಮೇಲೆ ತಯಾರಾದ ದಿನ ಬರೆಯಿರಿ. ದರ ಕಟ್ಟುವಾಗ ಹಾಲಿನ ಜೊತೆಗೆ ಉರುವಲು, ಕಪ್, ಐಸ್, ಓಡಾಟ, ವಾಪಸ್ ಬರುವ ಮಾಲು ಎಲ್ಲವೂ ಸೇರಬೇಕು. ಮನೆಯವರ ದುಡಿಮೆಗೂ ಕೂಲಿ ಹಿಡಿಯಬೇಕು. ಬಹುತೇಕರು ಬಿಡುವುದು ಇದನ್ನೇ.

ತರಬೇತಿ ಕೊಡುವ ಸಂಸ್ಥೆಗಳಲ್ಲಿ ನಮ್ಮ ವಿನಂತಿ ಇಷ್ಟು: ಮತ್ತಷ್ಟು ಹೊಸ ತಿನಿಸು ಕಲಿಸುವ ಮೊದಲು, ಹತ್ತಾರು ಮನೆಗಳು ಹಂಚಿಕೊಂಡು ಬಳಸುವಂಥ ಒಂದು ಶೀತಲ ಕೋಣೆ ಒದಗಿಸಿ, ಥರ್ಮಾಮೀಟರ್ ನೋಡಿ ಹೆಪ್ಪು ಹಾಕುವುದನ್ನು ಕೈಹಿಡಿದು ಕಲಿಸಿ.