ಆ ಮೋಲ್ಡ್ ಕೆಳಗೆ ನೀನು ಕೂತಿದ್ದೆ

ಪುಟ್ಟಿ,

ಮೊನ್ನೆ ಸೈಟಿನಲ್ಲಿ ನಡೆದದ್ದನ್ನು ಮತ್ತೆ ಬರೆಯುವುದಿಲ್ಲ. ನಿನಗೂ ನೆನಪಿದೆ, ನನಗೂ ಇದೆ. ಮೇಸ್ತ್ರಿಗಳ ಎದುರಿಗೆ ನಿನ್ನ ಮೇಲೆ ಹಾಗೆ ಕೂಗಾಡಬಾರದಿತ್ತು. ತಪ್ಪಾಯ್ತು.

ಆಫೀಸಿನ ಬೀಗದ ಕೈ ಮೇಜಿನ ಮೇಲಿಟ್ಟು ನೀನು ಹೋದ ಮೇಲೆ, ಈ ಟೆಂಡರಿಗೆ ನೀನು ಮಾಡಿದ ಎಸ್ಟಿಮೇಟ್ ಕೂತು ಓದಿದೆ. ಕಬ್ಬಿಣದ ಲೆಕ್ಕ ನನಗಿಂತ ಚೆನ್ನಾಗಿ ಹಾಕಿದ್ದೀಯ. ಕೊನೇ ಪುಟದಲ್ಲಿ ಮಾತ್ರ, ನಮ್ಮ ಖರ್ಚಿಗಿಂತ 8 ಪರ್ಸೆಂಟ್ ಕಡಿಮೆಗೆ ಕೊಡೋಣ ಅಂತ ಬರೆದಿದ್ದೀಯ. ಮೊನ್ನೆ ನೀನು ಅದೇ ಮಾತು ಆಡಿದಾಗ ನಾನು ಯಾಕೆ ಸಿಡಿದೆ ಅಂತ ಇವತ್ತು ಹೇಳುತ್ತೇನೆ. ನಿನ್ನಮ್ಮನಿಗೂ ಹೇಳಿಲ್ಲ.

2009ರಲ್ಲಿ ನಿನಗೆ 9 ವರ್ಷ. ಅದರ ಹಿಂದಿನ ವರ್ಷ ದೊಡ್ಡ ದೊಡ್ಡ ಬ್ಯಾಂಕುಗಳೇ ಮುಗ್ಗರಿಸಿದ್ದವು. ಕಟ್ಟಿಸುವವರೆಲ್ಲ ಕೈಕಟ್ಟಿ ಕೂತರು. ದೊಡ್ಡ ಕಂಪನಿಗಳು ಸಣ್ಣ ಮನೆಯ ಕೆಲಸಕ್ಕೂ ಬಂದವು. ಕೆಲಸ ಕಳಕೊಂಡ ಸೂಪರ್‌ವೈಸರುಗಳು ಒಂದು ಫೋನು, ಒಂದು ಟೇಪು ಹಿಡಿದು ಕಂಟ್ರಾಕ್ಟರ್ ಆದರು. ಅವರಿಗೆ ಆಫೀಸ್ ಬಾಡಿಗೆ ಇಲ್ಲ, ತಿಂಗಳ ಸಂಬಳದ ಜನ ಇಲ್ಲ. ಅವರ ರೇಟಿಗೆ ನಾನೂ ಇಳಿದೆ. ಮೂರು ಕೆಲಸ ಹಿಡಿದೆ. ಸೆಂಟ್ರಿಂಗ್ ಸಾಮಾನು, ಅಂದರೆ ಕಾಂಕ್ರೀಟ್ ಮೋಲ್ಡಿನ ಕೆಳಗೆ ಕೊಡುವ ಹಲಗೆ, ಕಂಬ, ಇದ್ದದ್ದು ಎರಡಕ್ಕೆ ಸಾಲುವಷ್ಟು.

5 ಮೀಟರ್ ಅಗಲದ ಹಾಲ್. ಅಷ್ಟಗಲದ ಮೋಲ್ಡಿಗೆ ಕೆಳಗಿನ ಕಂಬ 14 ದಿನ ಇರಬೇಕು. ನಾನು 8ನೇ ದಿನ ತೆಗೆಸಿದೆ. ಮುಂದಿನ ಸೈಟಿಗೆ ಬೇಕಿತ್ತು, ಬಾಡಿಗೆಗೆ ತರಲು ದುಡ್ಡಿರಲಿಲ್ಲ. ಅವತ್ತು ನಿನಗೆ ರಜೆ. ನೀನು ಹಾಲಿನ ನಡುವೆ ಮರಳಿನಲ್ಲಿ ಮನೆ ಕಟ್ಟುತ್ತಾ ಕೂತಿದ್ದೆ. ನಾನು ಸುಮ್ನೆ ತಲೆ ಎತ್ತಿದೆ. ನಿನ್ನ ತಲೆಯ ಮೇಲೆ, ಮೋಲ್ಡಿನ ಉದ್ದಕ್ಕೂ ಕೂದಲೆಳೆಯಂಥ ಬಿರುಕು. ನಿನ್ನ ತೋಳು ಹಿಡಿದು ಹೊರಗೆಳೆದೆ. ನೋವಾಯ್ತು ಅಂತ ಅತ್ತೆ. ಆಮೇಲೆ ದಾರ ಹಿಡಿದು ನೋಡಿದರೆ ನಡುವೆ ಬೆರಳು ದಪ್ಪ ಜಗ್ಗಿತ್ತು.

ಅದು ಬೀಳಲಿಲ್ಲ. ಕತ್ತಲಾಗುವ ಮೊದಲೇ ಮತ್ತೆ ಕೆಳಗೆ ಕಂಬ ನಿಲ್ಲಿಸಿದೆವು. ಕೊನೆಗೆ ನಮ್ಮ ಖರ್ಚಿನಲ್ಲೇ ಒಡೆದು ಹೊಸದಾಗಿ ಹಾಕಿದೆವು. ಆದರೆ ಆ ಮರಳಿನ ಮನೆ ನನ್ನ ಕಣ್ಣಿಂದ ಹೋಗಿಲ್ಲ. ಅದಕ್ಕೆ ನೀನು ನಾಲ್ಕು ಮೊಳೆ ಕಂಬ ಕೊಟ್ಟಿದ್ದೆ. ಈಗಲೂ ಯಾವ ಮನೆಗೆ ಹೋದರೂ ಮೊದಲು ಮೇಲೆ ನೋಡುತ್ತೇನೆ. ಬೀಳಲಿಲ್ಲ ಅಂತ ನೂರು ಸಲ ಹೇಳಿಕೊಂಡರೂ ಅಷ್ಟೇ.

ಎಕ್ಸ್‌ಟ್ರಾ ಐಟಂನಲ್ಲಿ, ಒಪ್ಪಂದದಲ್ಲಿಲ್ಲದ ಹೆಚ್ಚಿನ ಕೆಲಸದಲ್ಲಿ, ಸರಿದೂಗಿಸೋಣ ಅಂದೆ ಅಲ್ವಾ? ಓನರ್ ಒಂದೊಂದಕ್ಕೂ ತಕರಾರು ತೆಗೆಯುತ್ತಾರೆ, ಬಿಲ್ ನಿಲ್ಲುತ್ತದೆ. ಪಾಸಾದ ಬಿಲ್ಲಿನಲ್ಲೂ ಒಂದು ಪಾಲು ರಿಟೆನ್ಷನ್ ಅಂತ ಹಿಡಿದಿಟ್ಟುಕೊಳ್ಳುತ್ತಾರೆ. ವಾರದ ಬಟವಾಡೆ ಅದಕ್ಕೆ ಕಾಯುತ್ತಾ? ಕೈಯಲ್ಲಿ ಕೆಲಸ ತುಂಬಾ ಇದ್ದಾಗಲೇ ಮುಳುಗಿದ ಕಂಟ್ರಾಕ್ಟರುಗಳನ್ನು ನೋಡಿದ್ದೇನೆ. ದುಡ್ಡು ಓಡಾಡದಿದ್ದರೆ ಮೊದಲು ಕಾಂಕ್ರೀಟಿಗೆ ಹಾಕುವ ಕ್ಯೂರಿಂಗಿನ ನೀರು ಕಡಿಮೆಯಾಗುತ್ತದೆ, ಆಮೇಲೆ ಸಿಮೆಂಟು, ಆಮೇಲೆ ಕಂಬ. ಆ ವರ್ಷ ನಮ್ಮನ್ನು ಉಳಿಸಿದ್ದು ಹಳೇ ಓನರುಗಳು. ಸೋರುವ ತಾರಸಿ, ಒಡೆದ ಬಚ್ಚಲು, ಮೇಲೊಂದು ರೂಮು. ಸಣ್ಣ ಕೆಲಸ, ಆದರೆ ಕೈಮೇಲೆ ದುಡ್ಡು. ಕಾಂಕ್ರೀಟ್ ಮಿಕ್ಸರ್ ಮಾರಿದೆ, ಬೇಕಾದಾಗ ಬಾಡಿಗೆಗೆ ತಂದೆ.

ಮತ್ತೆ ಪಾಠ ಶುರು ಮಾಡಿಬಿಟ್ಟೆ. ನೀನು ಹೇಳಿದ್ದರಲ್ಲೂ ಸರಿ ಇದೆ. ಹುಡುಗರನ್ನು ಬಿಟ್ಟರೆ ಅಂಥ ಕೈಗಳು ಮತ್ತೆ ಸಿಗಲ್ಲ. ಈ ಟೆಂಡರ್ ಹೋದರೆ ಅವರಿಗೇನು ಕೊಡಲಿ ಅಂತ ನನಗೂ ನಿದ್ದೆ ಬರುತ್ತಿಲ್ಲ. ನಿನ್ನ ಎಸ್ಟಿಮೇಟನ್ನೇ ಕಳಿಸುತ್ತೇನೆ. ಪ್ರತಿ ಐಟಂ ಬಿಡಿಸಿ ತೋರಿಸಿರುವುದು ಹಾಗೇ ಇರಲಿ. ಕೊನೇ ಪುಟದ ರೇಟು ಮಾತ್ರ ಬದಲಾಯಿಸಿದ್ದೇನೆ.

ಗುರುವಾರ ಎರಡನೇ ಮಹಡಿಯ ಮೋಲ್ಡ್. ನೀನು ಬಂದು ಕಂಬಿ ನೋಡಿ ಸರಿ ಅನ್ನುವವರೆಗೆ ಕಾಂಕ್ರೀಟ್ ಹಾಕಬೇಡಿ ಅಂತ ಮೇಸ್ತ್ರಿಗೆ ಹೇಳಿದ್ದೇನೆ.

ಅಪ್ಪ